ಕಂಪ್ಯೂಟರ್ ನುಡಿಸಿತು, ಕೈಗಳು ನುಡಿಸಲಿಲ್ಲ

ನನ್ನ ಮೊದಲ ಸ್ಟ್ರಿಂಗ್ ಕ್ವಾರ್ಟೆಟ್ ಬರೆದು ಮುಗಿಸಿದ ರಾತ್ರಿ ಅದನ್ನು ಕಂಪ್ಯೂಟರಿನಲ್ಲಿ ಹತ್ತು ಸಲವಾದರೂ ಕೇಳಿರಬೇಕು. ನಾಲ್ಕು ತಂತಿವಾದ್ಯಗಳ ಕೃತಿ ಅದು: ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡ ಒಂದು ವಯೋಲಾ, ಇನ್ನೂ ದೊಡ್ಡ ಒಂದು ಚೆಲ್ಲೊ. ಹನ್ನೊಂದು ನಿಮಿಷ. ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಎಲ್ಲೂ ತಡವರಿಸದೆ ನುಡಿಸಿತು. ಖುಷಿಯಲ್ಲಿ ನಾಲ್ಕು ವಾದಕರಿಗೂ ಕಳಿಸಿಬಿಟ್ಟೆ.

ಮೊದಲ ರಿಹರ್ಸಲ್ ಒಂಬತ್ತನೇ ಬಾರ್‌ನಲ್ಲೇ ನಿಂತಿತು. ಬಾರ್ ಎಂದರೆ ಸ್ವರಲಿಪಿಯಲ್ಲಿ ತಾಳದ ಒಂದು ಆವರ್ತ. ಎರಡನೇ ವಯೊಲಿನ್‌ನವರು ಒಮ್ಮೆ ಹಾಳೆ ನೋಡಿದರು, ಒಮ್ಮೆ ತಮ್ಮ ಎಡಗೈ ನೋಡಿದರು. "ಇದನ್ನ ನುಡಿಸೋಕಾಗಲ್ಲ" ಎಂದರು. ನಾನು ಅವರಿಗೆ ಅತಿ ಕೆಳಗಿನ ಜಿ ಸ್ವರ ಮತ್ತು ಅದರ ಮೇಲಿನ ಬಿ ಸ್ವರ, ಎರಡನ್ನೂ ಒಟ್ಟಿಗೆ ಬರೆದಿದ್ದೆ. ವಯೊಲಿನ್ನಿನ ತಂತಿಗಳು ಜಿ, ಡಿ, ಎ, ಇ. ಆ ಜಿ ಸಿಗುವುದು ಜಿ ತಂತಿಯಲ್ಲಿ ಮಾತ್ರ. ಆ ಬಿ ಕೂಡ ಅಲ್ಲೇ, ಯಾಕೆಂದರೆ ಪಕ್ಕದ ತಂತಿ ಶುರುವಾಗುವುದೇ ಡಿಯಿಂದ. ಒಂದೇ ತಂತಿಯಲ್ಲಿ ಒಂದೇ ಹೊತ್ತಿಗೆ ಎರಡು ಸ್ವರ ಎಲ್ಲಿಂದ ಬರಬೇಕು? ವಾದ್ಯಕ್ಕೆ ನಿಲುಕದ ಸ್ವರ ಬರೆದರೆ ಸಾಫ್ಟ್‌ವೇರ್ ಕೆಂಪು ಬಣ್ಣ ತೋರಿಸುತ್ತದೆ. ಇಲ್ಲಿ ಎರಡೂ ಸ್ವರ ಬಿಡಿಬಿಡಿಯಾಗಿ ಸರಿಯಾಗಿಯೇ ಇದ್ದವು. ಅದಕ್ಕೆ ಅದು ಸುಮ್ನೆ ಇತ್ತು.

ಆಮೇಲೆ ಒಂದರ ಹಿಂದೆ ಒಂದು. ಚೆಲ್ಲೊದವರು ಬೆರಳಿನಿಂದ ಮೀಟುತ್ತಿದ್ದವರು ಮರುಕ್ಷಣವೇ ಕಮಾನಿನಿಂದ ನುಡಿಸಬೇಕಿತ್ತು. ಕಮಾನನ್ನು ಸರಿಯಾಗಿ ಹಿಡಿಯಲು ಅರೆಗಳಿಗೆಯಾದರೂ ಬೇಡವಾ? ಇನ್ನೊಂದು ಕಡೆ ಎಲ್ಲರೂ ಮ್ಯೂಟ್ (ವಾದ್ಯದ ದನಿ ತಗ್ಗಿಸುವ ಪುಟ್ಟ ಸಾಧನ) ಹಾಕಬೇಕು ಎಂದು ಬರೆದಿದ್ದೆ. ಹಾಕಲು ಬಿಡುವು ಮಾತ್ರ ಕೊಟ್ಟಿರಲಿಲ್ಲ.

ನನಗೆ ಜಾಸ್ತಿ ನಾಚಿಕೆಯಾಗಿದ್ದು ವಯೋಲಾದ ಪಾರ್ಟ್ ನೋಡಿ. ಸ್ಕೋರ್‌ನಲ್ಲಿ ನಾಲ್ಕೂ ವಾದ್ಯ ಒಂದರ ಕೆಳಗೊಂದು ಇರುತ್ತವೆ, ಆದರೆ ವಾದಕರ ಮುಂದೆ ಇರುವುದು ಅವರವರ ಪಾರ್ಟ್ ಮಾತ್ರ. ಆ ಪಾರ್ಟ್‌ಗಳನ್ನು ಸಾಫ್ಟ್‌ವೇರೇ ಬಿಡಿಸಿ ಕೊಡುತ್ತದೆ. ನಾನು ತೆರೆದೂ ನೋಡದೆ ಕಳಿಸಿದ್ದೆ. ಅತಿ ವೇಗದ ಸ್ವರಗಳ ನಡುವೆಯೇ ಪುಟ ಮುಗಿದಿತ್ತು. ಎರಡೂ ಕೈ ವಾದ್ಯದ ಮೇಲಿರುವಾಗ ಹಾಳೆ ತಿರುಗಿಸುವವರು ಯಾರು? ಆಕೆ ನುಡಿಸುವುದನ್ನು ನಿಲ್ಲಿಸಿ, ನಿಧಾನವಾಗಿ ಹಾಳೆ ತಿರುಗಿಸಿ, ನನ್ನ ಕಡೆ ನೋಡಿ ನಕ್ಕರು. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು ಒಂದು ಹಳೆ ವಯೊಲಿನ್ ಎರವಲು ತಂದೆ. ನನಗೆ ನುಡಿಸಲು ಬರುವುದಿಲ್ಲ. ಬರೆದ ಪ್ರತಿ ಜೋಡಿ ಸ್ವರಕ್ಕೂ ಬೆರಳಿಟ್ಟು ನೋಡಲು ಅಷ್ಟು ಸಾಕು. ನಂತರ ಒಂದೊಂದೇ ಪಾರ್ಟ್ ಮುದ್ರಿಸಿ, ಮೊದಲಿನಿಂದ ಕೊನೆವರೆಗೆ ಹಾಡಿದೆ, ಹಾಳೆಯನ್ನೂ ನಾನೇ ತಿರುಗಿಸಿದೆ. ತಿರುವಿಗೆ ಬಿಡುವು ಸಿಗದ ಕಡೆ ಪುಟವನ್ನು ಅರ್ಧಕ್ಕೇ ಬಿಟ್ಟೆ. ಇಪ್ಪತ್ತು ಬಾರ್ ಸುಮ್ಮನೆ ಕಾಯುವವರ ಹಾಳೆಯಲ್ಲಿ, ಅವರು ಸೇರಿಕೊಳ್ಳುವ ಮೊದಲು ಪಕ್ಕದವರ ಸ್ವರಗಳನ್ನು ಪುಟ್ಟದಾಗಿ ಬರೆದೆ. ಎಣಿಕೆ ತಪ್ಪಿದರೂ ಕಿವಿ ಹಿಡಿಯುತ್ತದೆ. ಕ್ವಾರ್ಟೆಟ್‌ನಲ್ಲಿ ಕೈ ಬೀಸಿ ತೋರಿಸಲು ಕಂಡಕ್ಟರ್ ಇರುವುದಿಲ್ಲ ನೋಡಿ.

ಹಾಡುವಾಗಲೇ ಗೊತ್ತಾಯಿತು, ನಾನು ವಿಪರೀತ ಬರೆದಿದ್ದೆ. ಆ ದಿನಗಳಲ್ಲಿ ಎಸ್ಟೋನಿಯಾದ ಸಂಯೋಜಕ ಆರ್ವೊ ಪ್ಯಾರ್ಟ್ ಅವರ ಸ್ಕೋರ್‌ಗಳನ್ನು ಓದುತ್ತಿದ್ದೆ. 1968ರ ನಂತರ ಅವರು ಕೆಲವು ವರ್ಷ ಹೆಚ್ಚೇನೂ ಬರೆಯದೆ ಹಳೆಯ ಚರ್ಚ್ ಗಾಯನವನ್ನು ಓದುತ್ತಾ ಕೂತಿದ್ದರು. 1976ರಲ್ಲಿ 'ಫ್ಯೂರ್ ಅಲೀನಾ' ಎಂಬ ಪುಟ್ಟ ಪಿಯಾನೊ ಕೃತಿಯೊಂದಿಗೆ ಹೊಸ ದಾರಿ ಹಿಡಿದರು. ಒಂದು ದನಿ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ, ಇನ್ನೊಂದು ಮೂರೇ ಮೂರು ಸ್ವರಗಳಲ್ಲಿ ಗಂಟೆಯ ಹಾಗೆ ಮೊಳಗುತ್ತದೆ. ನಾನು ಅದನ್ನು ಅನುಕರಿಸಲಿಲ್ಲ. ನನ್ನ ಕಿವಿಯೇ ಬೇರೆ. ಆದರೆ ಕತ್ತರಿ ಹಿಡಿಯುವ ಧೈರ್ಯ ಬಂತು. ಹನ್ನೊಂದು ನಿಮಿಷ ಎಂಟಕ್ಕೆ ಇಳಿಯಿತು.

ಇದಕ್ಕೆಲ್ಲ ಮೂರು ತಿಂಗಳು ಹಿಡಿಯಿತು. ಹಗಲು ಮಕ್ಕಳಿಗೆ ಪಿಯಾನೊ ಪಾಠ, ರಾತ್ರಿ ಇದು. ಬೇಸರವಾದಾಗ ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್ ಅವರನ್ನು ನೆನೆಯುತ್ತೇನೆ. 1976ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ಭವನದಲ್ಲಿ ಅವರ ಒಪೆರಾ ನಡೆದ ಮೇಲೂ ಅವರು ಟ್ಯಾಕ್ಸಿ ಓಡಿಸುತ್ತಿದ್ದರು. ನನ್ನದು ಪರವಾಗಿಲ್ಲ, ಕೂತು ಮಾಡುವ ಕೆಲಸ. ಟ್ಯಾಕ್ಸಿಯೂ ಕೂತೇ ಓಡಿಸೋದು, ಬಿಡಿ.

ಎರಡನೇ ರಿಹರ್ಸಲ್‌ನಲ್ಲಿ ಕೊನೆಯವರೆಗೂ ನುಡಿಸಿದರು. ತಾಳ ಎರಡು ಕಡೆ ಕುಸಿಯಿತು. ಒಂದು ನನ್ನ ತಪ್ಪು, ಇನ್ನೊಂದು ಅವರದು. ನಿಧಾನ ಭಾಗದಲ್ಲಿ ಒಂದನೇ ವಯೊಲಿನ್‌ನವರು ನಾನು ಬರೆದದ್ದಕ್ಕಿಂತ ತುಸು ಜಾಸ್ತಿಯೇ ಎಳೆದರು. ತಡೆಯಲು ಬಾಯಿ ತೆರೆದವನು ಸುಮ್ಮನಾದೆ. ಆಮೇಲೆ ಸ್ಕೋರ್‌ನಲ್ಲೇ ಹಾಗೆ ತಿದ್ದಿದೆ.

ಈಗ ಎರಡನೇ ಕ್ವಾರ್ಟೆಟ್ ಶುರುವಾಗಿದೆ. ಅರ್ಧ ಬರೆದಾಗಲೇ ಪಾರ್ಟ್‌ಗಳನ್ನು ಕಳಿಸಿದೆ. ಮೊದಲ ಉತ್ತರ ವಯೋಲಾದವರದೇ: "ಐದನೇ ಪುಟದ ಕೊನೆಗೆ ಎರಡು ಬಾರ್ ಬಿಡುವು ಕೊಡಿ." ಕೊಟ್ಟೆ.