ಸ್ಪ್ಯಾನಿಶ್‌ನ ‘ಕ್ವಾಂತೊ ಮಾಸ್’ ನನಗೆ ಒಗ್ಗಿದ್ದು ಹೀಗೆ

ಸ್ಪ್ಯಾನಿಶ್ ಕಲಿಯುವಾಗ ‘ಎಷ್ಟು ಓದುತ್ತೀಯೋ ಅಷ್ಟು ಕಲೀತೀಯ’ ಅನ್ನುವಂಥ ಮಾತು ಬಂದರೆ ಇಂಗ್ಲಿಷ್ ಕಡೆ ತಿರುಗಬೇಡಿ. ಕನ್ನಡದಿಂದಲೇ ನೇರ ಹೋಗಿ, ನಾನು ಮಾಡಿದ್ದು ಅದನ್ನೇ. ಇಂಗ್ಲಿಷಿನಲ್ಲಿ ಎರಡೂ ಕಡೆ ಅದೇ ‘ದ ಮೋರ್’. ನಮ್ಮಲ್ಲಿ ಎಷ್ಟು–ಅಷ್ಟು ಜೋಡಿ ಇದೆ, ಸ್ಪ್ಯಾನಿಶ್‌ನಲ್ಲಿ ಕ್ವಾಂತೊ–ತಾಂತೊ.

ಆ ಮಾತು ಸ್ಪ್ಯಾನಿಶ್‌ನಲ್ಲಿ ಹೀಗೆ: ‘ಕ್ವಾಂತೊ ಮಾಸ್ ಲೇಯೆಸ್, ಮಾಸ್ ಅಪ್ರೆಂದೆಸ್.’ ತಾಂತೊ ಸಾಮಾನ್ಯವಾಗಿ ಬಿಟ್ಟೇ ಹೋಗುತ್ತದೆ. ಆದರೆ ಮಾಸ್, ಅಂದರೆ ‘ಜಾಸ್ತಿ’, ಬಿಡುವಂತಿಲ್ಲ. ‘ಕುದಿಸಿದಷ್ಟೂ ಸಾರು ರುಚಿ’ ಅನ್ನುವಾಗ ನಾವು ‘ಜಾಸ್ತಿ’ ಅಂತ ಎಲ್ಲೂ ಹೇಳಲ್ಲ, ಅಲ್ವಾ? ಸ್ಪ್ಯಾನಿಶ್‌ನಲ್ಲಿ ಎರಡೂ ಕಡೆ ಮಾಸ್, ಮೆನೊಸ್ (ಕಮ್ಮಿ), ಮೆಹೋರ್ (ಇನ್ನೂ ಒಳ್ಳೇದು) ಥರದ್ದು ಒಂದು ಇರಲೇಬೇಕು. ಶುರುವಿಗೆ ಕ್ರಿಯಾಪದವೇ ಇಲ್ಲದ್ದನ್ನು ಬಾಯಿಗೆ ಹಾಕಿಕೊಳ್ಳಿ: ‘ಕ್ವಾಂತೊ ಆಂತೆಸ್, ಮೆಹೋರ್’, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು.

ಮುಂದೆ ನಾಮಪದ ಬಂದರೆ ಕ್ವಾಂತೊ ಅದರ ಲಿಂಗ, ವಚನಕ್ಕೆ ತಕ್ಕಂತೆ ಬದಲಾಗುತ್ತದೆ. ಕ್ವಾಂತೊಸ್ ಮಾಸ್ ಲೀಬ್ರೊಸ್ (ಪುಸ್ತಕಗಳು), ಕ್ವಾಂತಾ ಮಾಸ್ ಹೆಂತೆ (ಜನ). ನಾನು ಜಾಸ್ತಿ ಹೊತ್ತು ಕಳೆದದ್ದು ‘ನೀರು’ ಅನ್ನುವ ಪದದ ಮೇಲೆ. ‘ಎಲ್’ ಸಾಮಾನ್ಯವಾಗಿ ಪುಲ್ಲಿಂಗ ಪದದ ಹಿಂದೆ ಬರುವುದರಿಂದ ‘ಎಲ್ ಆಗ್ವಾ’ (ನೀರು) ಅಂತ ಕಲಿತವರಿಗೆ ಅದು ಪುಲ್ಲಿಂಗ ಅನ್ನಿಸುತ್ತದೆ, ಆದರೆ ಆ ‘ಎಲ್’ ಬಂದಿರುವುದು ಪದದ ಮೊದಲ ‘ಆ’ ಮೇಲೆ ಒತ್ತು ಬೀಳುವ ಕಾರಣಕ್ಕೆ ಮಾತ್ರ, ಪದ ಸ್ತ್ರೀಲಿಂಗವೇ. ಹಾಗಾಗಿ ‘ಕ್ವಾಂತಾ ಮಾಸ್ ಆಗ್ವಾ ಬೇಬೊ, ಮೆನೊಸ್ ಆಂಬ್ರೆ ತೆಂಗೊ’: ನೀರು ಕುಡಿದಷ್ಟೂ ಹಸಿವು ಕಮ್ಮಿ. ಈ ಒಂದು ವಾಕ್ಯವನ್ನು ನೀರು ಕುಡಿಯುವಾಗೆಲ್ಲ ಜೋರಾಗಿ ಹೇಳುತ್ತಿದ್ದೆ, ಹೊಸ ನಾಮಪದ ಸಿಕ್ಕಾಗಲೆಲ್ಲ ಅದೇ ಅಚ್ಚಿಗೆ ಹಾಕುತ್ತಿದ್ದೆ.

ಕನ್ನಡ ಕೈಕೊಡುವ ಜಾಗವೂ ಒಂದಿದೆ. ‘ಓದಿದಷ್ಟೂ’ ಅಂದರೆ ದಿನಾ ನಡೆಯುವುದಕ್ಕೂ ಆಗುತ್ತದೆ, ಮುಂದೆ ನಡೆಯಬೇಕಾದ್ದಕ್ಕೂ ಆಗುತ್ತದೆ. ಸ್ಪ್ಯಾನಿಶ್ ಇವೆರಡನ್ನು ಬೇರೆ ಮಾಡುತ್ತದೆ. ಇನ್ನೂ ನಡೆಯದ್ದಾದರೆ ಮೊದಲರ್ಧಕ್ಕೆ ಸಬ್‌ಜಂಕ್ಟಿವ್ ಅನ್ನುವ ಬೇರೆ ಕ್ರಿಯಾಪದ ರೂಪ ಬೇಕು: ‘ಕ್ವಾಂತೊ ಮಾಸ್ ಲೇಯಾಸ್, ಮಾಸ್ ಅಪ್ರೆಂದೆರಾಸ್.’ ನನ್ನ ಪರೀಕ್ಷೆ ಸುಲಭದ್ದು. ಕನ್ನಡ ವಾಕ್ಯಕ್ಕೆ ‘ಇನ್ನು ಮೇಲೆ’ ಸೇರಿಸಿ ನೋಡುತ್ತೇನೆ. ಅರ್ಥ ಕೆಡದೆ ಕೂತರೆ ಲೇಯಾಸ್, ‘ಯಾವಾಗಲೂ’ ಅನ್ನುವುದೇ ಸರಿ ಅನ್ನಿಸಿದರೆ ಲೇಯೆಸ್.

ಲ್ಯಾಟಿನ್ ಅಮೆರಿಕದವರ ಬಾಯಲ್ಲಿ ಕ್ವಾಂತೊ ಮಾಸ್ ಬದಲು ‘ಮಿಯೆಂತ್ರಾಸ್ ಮಾಸ್’ ಕೇಳಿಸುತ್ತದೆ, ಮೆಕ್ಸಿಕೊದಲ್ಲಿ ‘ಎಂತ್ರೆ ಮಾಸ್’ ಕೂಡ. ಇವಕ್ಕೆ ಲಿಂಗ, ವಚನದ ಗೋಜಿಲ್ಲ, ‘ಎಂತ್ರೆ ಮಾಸ್ ಆಗ್ವಾ’ ಅಂದರೆ ಮುಗಿಯಿತು. ಸ್ಪೇನ್‌ನಲ್ಲಿ ಕೆಲವರು ‘ಕೋಂತ್ರಾ ಮಾಸ್’ ಅನ್ನುತ್ತಾರೆ. ಅದನ್ನು ಕೇಳಿ ಅರ್ಥ ಮಾಡಿಕೊಳ್ಳಿ, ಬರವಣಿಗೆಗೆ ಮಾತ್ರ ತರಬೇಡಿ.