ತೊಳೆದು ತೊಳೆದು ನಾನೇ ಕೆಡಿಸಿಕೊಂಡಿದ್ದೆ

ಡೊಂಬಿವಲಿಯಿಂದ ಮುಂಬೈಯ ಫೋರ್ಟ್‌ನ ಆಫೀಸಿಗೆ ದಿನಾ ಲೋಕಲ್ ರೈಲಿನಲ್ಲಿ ಪ್ರಯಾಣ. ಲೇಡೀಸ್ ಡಬ್ಬಿಯ ಸೆಕೆಯಲ್ಲಿ ಮೈಗೆ ಮೈ ತಾಗಿಸಿ ನಿಂತಾಗೆಲ್ಲ ನನಗೆ ಒಂದೇ ಭಯ. ನನ್ನಿಂದ ವಾಸನೆ ಬರುತ್ತಿದೆಯಾ? ಅದಕ್ಕೇ ದಿನಕ್ಕೆರಡು ಸಲ ಸೋಪು ಹಚ್ಚಿ ಯೋನಿಯ ಒಳಗೂ ತೊಳೆಯುತ್ತಿದ್ದೆ. ಆಮೇಲೆ ಆ ಜಾಗಕ್ಕೆಂದೇ ಮಾರುವ ಪರಿಮಳದ ಇಂಟಿಮೇಟ್ ವಾಶ್ ತಂದೆ. ಉರಿ, ತುರಿಕೆ ಶುರುವಾಯಿತು. ಕೊಳೆ ಹೋಗಿಲ್ಲ ಅಂದುಕೊಂಡು ಇನ್ನೂ ಜಾಸ್ತಿ ತೊಳೆದೆ.

ಡಾಕ್ಟರ ಬಳಿ ಹೋದೆ, ಬಾಯಿ ಬರಲಿಲ್ಲ. ಕನ್ನಡದಲ್ಲೇ ನಾವು ‘ಅಲ್ಲಿ’, ‘ಕೆಳಗೆ’ ಎನ್ನುತ್ತೇವೆ. ಮರಾಠಿಯಲ್ಲಿ ಏನೆನ್ನಲಿ? ಅಷ್ಟರಲ್ಲಿ ಪಕ್ಕದ ಹೆಂಗಸು ನರ್ಸ್‌ಗೆ ‘ಅಂಗಾವರೂನ್ ಪಾಂಢರಂ ಜಾತಂ’ ಎಂದು ಜೋರಾಗಿಯೇ ಹೇಳಿದರು. ನಮ್ಮ ‘ಬಿಳಿ ಹೋಗುವುದು’ ಅದೇ ಅಲ್ವಾ! ಒಳಗೆ ಹೋಗಿ ನಾನೂ ಅದನ್ನೇ ಹೇಳಿದೆ.

ಪರೀಕ್ಷೆ ಮಾಡಿದರು. ಸೋಂಕಿರಲಿಲ್ಲ, ಸೋಪಿನಿಂದಲೇ ಚರ್ಮ ಕೆರಳಿತ್ತು. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇರುತ್ತವೆ, ಮೊಸರಿನಲ್ಲಿರುವವುಗಳ ನೆಂಟರು. ಅವು ಲ್ಯಾಕ್ಟಿಕ್ ಆಮ್ಲ ಮಾಡಿ, ಹುಳಿಯ ಅಳತೆಯಾದ ಪಿಎಚ್ ಅನ್ನು ಸುಮಾರು 3.8ರಿಂದ 4.5ರೊಳಗೆ ಇಡುತ್ತವೆ. ಆ ಹುಳಿಯಲ್ಲಿ ಕೆಟ್ಟ ಕ್ರಿಮಿಗಳು ಬೆಳೆಯುವುದು ಕಷ್ಟ. ಆ ಕಾವಲನ್ನೇ ನಾನು ದಿನಾ ತೊಳೆದು ಹಾಕುತ್ತಿದ್ದೆ! ಹಾಗಂತ ಮೊಸರು ಹಚ್ಚಬೇಡಿ ಎಂದೂ ಹೇಳಿದರು. ಒಳಗೆ ಏನೂ ಬೇಡ. ಹೊರಗೆ ಬರೀ ನೀರು ಸಾಕು.

ಎಲ್ಲ ಬಿಟ್ಟೆ. ಬಿಳಿ ಯಾವಾಗ ಹೇಗಿರುತ್ತದೆ ಎಂದು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಮೂರು ತಿಂಗಳು ಪೆನ್ಸಿಲ್‌ನಿಂದ ಗುರುತು ಹಾಕಿದೆ. ಮುಟ್ಟು ಮುಗಿದ ಮೇಲೆ ಒಂದೆರಡು ದಿನ ಒಣ. ತಿಂಗಳ ನಡುವೆ, ದಾಸವಾಳದ ಸೊಪ್ಪು ಕಿವುಚಿದಾಗ ಬರುವಂಥ ತಿಳಿ ಲೋಳೆ. ಅಂಡ ಬಿಡುಗಡೆಯಾಗುವ ಹೊತ್ತು ಅದು. ಆಮೇಲೆ ಮಂದ, ಬಿಳಿ. ಮೂರು ತಿಂಗಳೂ ಹೆಚ್ಚುಕಡಿಮೆ ಇದೇ ಲೆಕ್ಕ. ಇಷ್ಟು ವರ್ಷ ಕಾಯಿಲೆ ಅಂದುಕೊಂಡಿದ್ದು ನನ್ನ ತಿಂಗಳ ಚಕ್ರವಾಗಿತ್ತು. ಆ ಚುಕ್ಕೆಗಳನ್ನು ನೋಡುತ್ತಾ ನಿಜಕ್ಕೂ ಕಣ್ಣು ತುಂಬಿತು.

ಮುಂಬೈ ಮಳೆಗಾಲದಲ್ಲಿ ಒಳಉಡುಪು ಒಣಗುವುದೇ ಇಲ್ಲ. ಹತ್ತಿಯದ್ದನ್ನೇ ತೊಡುತ್ತೇನೆ, ಹಸಿ ಇದ್ದರೆ ಇಸ್ತ್ರಿ ಹಾಕುತ್ತೇನೆ. ತುರಿಕೆಯ ಜೊತೆ ಒಡೆದ ಹಾಲಿನಂಥ ಗಟ್ಟಿ ಬಿಳಿ, ಮೀನಿನ ವಾಸನೆ, ಹಸಿರು ಬಣ್ಣ, ಹೊಟ್ಟೆಯ ಕೆಳಭಾಗದಲ್ಲಿ ನೋವು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತಾ ಕೂರುವುದಿಲ್ಲ, ಡಾಕ್ಟರ ಬಳಿ ಹೋಗುತ್ತೇನೆ.

ಕುಂದಾಪುರಕ್ಕೆ ಫೋನ್ ಮಾಡಿದೆ. ‘ಎಲುಬು ಕರಗಿ ಬಿಳಿ ಹೋಗುತ್ತದೆ’ ಎಂದು ಚಿಕ್ಕಂದಿನಲ್ಲಿ ಹೆದರಿಸಿದ್ದು ಅಮ್ಮನೇ. ಹಾಗೇನೂ ಇಲ್ಲಮ್ಮ ಎಂದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಂಗೂ ಎರ್ಡ್ ವರ್ಷದಿಂದ ಉರಿ ಇತ್ತ್. ಯಾರತ್ರ ಹೇಳೂದ್?’ ಎಂದರು.

ಅಮ್ಮನಿಗೆ ಮುಟ್ಟು ನಿಂತು ಆರು ವರ್ಷ. ಈಸ್ಟ್ರೋಜೆನ್ ಎಂಬ ಹಾರ್ಮೋನ್ ಕಡಿಮೆಯಾಗಿ ಒಳಗಿನ ಪದರ ತೆಳುವಾಗಿ ಒಣಗುತ್ತದೆ, ಅದಕ್ಕೆ ಮುಲಾಮು ಇದೆ. ಅಮ್ಮನನ್ನು ಇಲ್ಲಿಗೇ ಕರೆಸಿ ಅದೇ ಡಾಕ್ಟರಿಗೆ ತೋರಿಸಿದೆ. ಇನ್ನು ಒಂದು ಹನಿ ರಕ್ತ ಕಂಡರೂ ತಡ ಮಾಡದೆ ಬನ್ನಿ ಎಂದು ಅವರು ಒತ್ತಿ ಹೇಳಿದರು. ಅಮ್ಮ ಕನ್ನಡದಲ್ಲಿ ಹೇಳಿದ್ದನ್ನು ನಾನು ಮರಾಠಿಯಲ್ಲಿ ಹೇಳಿದೆ. ಯೋನಿ ಎನ್ನುವ ಮಾತನ್ನು ಮಾತ್ರ ಬದಲಿಸಬೇಕಾಗಲಿಲ್ಲ, ಎರಡರಲ್ಲೂ ಒಂದೇ.