ಆಡುಮಾತಿನಲ್ಲೇ ಕಥೆ ಹೇಳಿದ ನನ್ನ ಅನುಭವ

ವೇದಿಕೆಯ ಮೇಲೆ ಕಥೆ ಹೇಳುವವನು ಯಾವ ಪಾತ್ರಕ್ಕೆ ಯಾವ ಕನ್ನಡವನ್ನು ಕೊಡುತ್ತಾನೆ ಎಂಬುದರಲ್ಲೇ ಆ ಪಾತ್ರದ ಸ್ಥಾನಮಾನ ನಿರ್ಧಾರವಾಗಿಬಿಡುತ್ತದೆ. ನಿರೂಪಕನು ಗ್ರಾಂಥಿಕ ಕನ್ನಡವನ್ನಾಡಿ, ಆಳೂ ಪೆದ್ದನೂ ಮಾತ್ರ ಹಳ್ಳಿಯ ಮಾತನ್ನಾಡಿದರೆ, ಅವರು ಬಾಯಿ ತೆರೆಯುವ ಮೊದಲೇ ಸಭೆ ನಗಲು ಸಿದ್ಧವಾಗಿರುತ್ತದೆ. ಆದ್ದರಿಂದ ನಾನು ಮೊದಲು ಬದಲಿಸಿದ್ದು ನಿರೂಪಕನ ಭಾಷೆಯನ್ನು. ಮನೆಯಲ್ಲಾಡುವ ಮಾತಿನಲ್ಲೇ ಕಥೆ ಆರಂಭಿಸಿ, ವಿವೇಕಿಗಳಾದ ಪಾತ್ರಗಳಿಗೂ ಅದನ್ನೇ ಕೊಟ್ಟೆ.

ಯಾವ ಲಕ್ಷಣವನ್ನು ಎಷ್ಟು ಉಳಿಸಿಕೊಳ್ಳಬೇಕೆಂಬುದು ಕಠಿಣ ಪ್ರಶ್ನೆ. ಕೆಲವು ಲಕ್ಷಣಗಳು ಆಡುವವರ ಗಮನಕ್ಕೇ ಬರುವುದಿಲ್ಲ, ಕೆಲವು ಎಲ್ಲರ ಕಿವಿಗೂ ಬಿದ್ದು ಗೇಲಿಗೆ ಗುರಿಯಾಗುತ್ತವೆ ಎಂಬ ವ್ಯತ್ಯಾಸವನ್ನು ಭಾಷಾವಿಜ್ಞಾನಿ ವಿಲಿಯಂ ಲಬೋವ್ ಗುರುತಿಸಿದ್ದರು. ನನ್ನ ಮಾತಿನಲ್ಲಿ ಗೇಲಿಗೆ ಸಿಕ್ಕುವುದು ‘ಹಾಲು’ ‘ಆಲು’ ಆಗುವ ಹಕಾರಲೋಪ. ಆರಂಭದಲ್ಲಿ ಅದನ್ನು ತಡೆಹಿಡಿದು, ‘ಬಂದವ್ನೆ’, ‘ಎಲ್ಲೈತೆ’ ಎಂಬಂಥ ಕ್ರಿಯಾರೂಪಗಳನ್ನೂ ವಾಕ್ಯದ ಏರಿಳಿತವನ್ನೂ ಮುಂದಿಡುತ್ತೇನೆ. ಸಭೆ ಕಥೆಯೊಳಗೆ ಇಳಿದ ಮೇಲೆ ಹಕಾರ ಬಿದ್ದುಹೋದರೂ ಯಾರೂ ನಗುವುದಿಲ್ಲ.

ಗ್ರಾಂಥಿಕ ಕನ್ನಡಕ್ಕೂ ಅದರದೇ ಕೆಲಸವಿದೆ. ನಾನು ಹೇಳುವ ಒಂದು ಕಥೆಯಲ್ಲಿ ತಂದೆಯ ಜಮೀನಿನಲ್ಲಿ ಪಾಲು ಕೇಳುವ ಮಗಳು ಕಚೇರಿಗೆ ಹೋಗುತ್ತಾಳೆ. “ಅರ್ಜಿಯನ್ನು ನಿಗದಿತ ನಮೂನೆಯಲ್ಲೇ ಸಲ್ಲಿಸತಕ್ಕದ್ದು” ಎಂದ ಅಧಿಕಾರಿ, ಕಾಗದದಲ್ಲಿ ಊರಿನ ಹೆಸರು ಕಂಡೊಡನೆ ತಲೆಯೆತ್ತಿ, “ಯಾರ ಮಗ್ಳವ್ವ ನೀನು?” ಎನ್ನುತ್ತಾನೆ. ಅಲ್ಲಿಯವರೆಗೂ ಆಡುಮಾತನ್ನೇ ಆಡಿದ್ದ ಅವಳು, “ಹೆಸರು ಅರ್ಜಿಯಲ್ಲಿದೆ, ಸ್ವಾಮಿ” ಎಂದು ತಿದ್ದಿದ ಕನ್ನಡದಲ್ಲಿ ಉತ್ತರಿಸುತ್ತಾಳೆ. ಅವನು ಚಾಚಿದ ಸಲಿಗೆಯನ್ನು ಅವಳು ನಿರಾಕರಿಸಿದ್ದು ಭಾಷೆ ಬದಲಾದದ್ದರಿಂದಲೇ ತಿಳಿಯುತ್ತದೆ. ನಾನು ಒಂದು ಕ್ಷಣ ಸುಮ್ಮನಿರುತ್ತೇನೆ, ವಿವರಣೆ ಸೇರಿಸುವುದಿಲ್ಲ.

ಕೇಳುಗರು ಬದಲಾದರೆ ನನ್ನ ಉಚ್ಚಾರವೂ ತಾನಾಗಿ ಸರಿಯುತ್ತದೆ. ನ್ಯೂಜಿಲೆಂಡಿನ ರೇಡಿಯೋದಲ್ಲಿ ಅದೇ ವಾರ್ತಾವಾಚಕರು ಎರಡು ಕೇಂದ್ರಗಳ ಬೇರೆ ಬೇರೆ ಕೇಳುಗರಿಗೆ ಬೇರೆ ಬೇರೆಯಾಗಿ ಉಚ್ಚರಿಸುತ್ತಿದ್ದುದನ್ನು ಭಾಷಾವಿಜ್ಞಾನಿ ಅಲನ್ ಬೆಲ್ 1984ರಲ್ಲಿ ವಿವರಿಸಿದ್ದರು. ಅದನ್ನು ಓದಿದ ಮೇಲೆ ನನ್ನ ಧ್ವನಿಮುದ್ರಣಗಳನ್ನು ಆ ಕಿವಿಯಿಂದಲೇ ಕೇಳತೊಡಗಿದೆ. ಸಭಿಕರಲ್ಲಿ ಓದಿದವರು ಹೆಚ್ಚಿದ್ದಾಗ ನನ್ನ ಕ್ರಿಯಾರೂಪಗಳು ತಿದ್ದಿಕೊಳ್ಳುತ್ತವೆ. ಈಗ ಅಂಥ ಸಭೆಗಳಿಗೆ ಮೊದಲ ಕೆಲವು ವಾಕ್ಯಗಳನ್ನು ಆಡುಮಾತಿನಲ್ಲಿ ಬಾಯಿಪಾಠ ಮಾಡಿಕೊಂಡೇ ಹೋಗುತ್ತೇನೆ.

ನನ್ನದಲ್ಲದ ಉಪಭಾಷೆಯ ಪಾತ್ರವಿದ್ದರೆ ಆ ಮಾತನ್ನಾಡುವವರ ಮುಂದೆ ಮೊದಲು ಹೇಳಿ ತಿದ್ದಿಸಿಕೊಳ್ಳುತ್ತೇನೆ. ಅವರಿಗೆ ಅಣಕವೆನಿಸಿದ ಸಾಲನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.